ಅಚ್ಚಾದ ಪ್ರವಾಸಿ ಕೈಪಿಡಿಯನ್ನು ಆನ್‌ಲೈನ್‌ಗೆ ತರುವುದು ಹೇಗೆ? ಹಂತ ಹಂತವಾಗಿ ಪೂರ್ತಿ ಮಾರ್ಗದರ್ಶಿ

ಪ್ರವಾಸಿ ಕೈಪಿಡಿಯನ್ನು ಆನ್‌ಲೈನ್‌ಗೆ ಹಾಕಲು ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಪುಸ್ತಕವನ್ನು ಸ್ಕ್ಯಾನ್ ಮಾಡುತ್ತಾರೆ, ಪಿಡಿಎಫ್ ಮಾಡುತ್ತಾರೆ, ವೆಬ್‌ಸೈಟಿಗೆ ಏರಿಸುತ್ತಾರೆ. ಆರು ತಿಂಗಳಾದ ಮೇಲೆ ನೋಡಿದರೆ ಅದನ್ನು ತೆರೆದವರೇ ಕಡಿಮೆ. ತೆರೆದವರಲ್ಲಿ ಕೆಲವರು ಹಳೆ ಫೋನ್ ನಂಬರಿಗೆ ಕರೆ ಮಾಡಿ ಬೇಸರ ಮಾಡಿಕೊಂಡಿರುತ್ತಾರೆ.

ಪುಸ್ತಕದ ಮೊದಲ ಪುಟ ತಿರುಗಿಸಿದರೆ ಅಚ್ಚಾದ ವರ್ಷ ಕಾಣುತ್ತದೆ. 2009ರ ಪುಸ್ತಕ ಅಂತ ಗೊತ್ತಾದರೆ ಓದುಗರೇ ಬಸ್ ಸಮಯವನ್ನು ಇನ್ನೊಮ್ಮೆ ವಿಚಾರಿಸಿಕೊಳ್ಳುತ್ತಾರೆ. ಆನ್‌ಲೈನ್ ಪುಟದ ವಿಷಯ ಬೇರೆ. ಇವತ್ತು ಹುಡುಕಿದೆ, ಇವತ್ತು ಸಿಕ್ಕಿತು, ಹಾಗಾಗಿ ಇದು ಇವತ್ತಿನದೇ ಅಂತ ಜನ ನಂಬುತ್ತಾರೆ. ಪುಸ್ತಕಕ್ಕೆ ಒಂದು ತಾರೀಖು ಸಾಕಿತ್ತು. ಇಲ್ಲಿ ಬದಲಾಗುವ ಒಂದೊಂದು ಮಾಹಿತಿಗೂ ಅದರದೇ ತಾರೀಖು ಬೇಕು, ಅದನ್ನು ನೋಡಿಕೊಳ್ಳುವ ಒಬ್ಬರು ಬೇಕು. ಕೆಳಗಿನ ಹತ್ತು ಹಂತಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಉದಾಹರಣೆಗೆ ಶಿವಮೊಗ್ಗ ಜಿಲ್ಲೆಯನ್ನು ಇಟ್ಟುಕೊಂಡಿದ್ದೇನೆ. ಜಲಪಾತ, ಕೋಟೆ, ಶಾಸನ, ಕಾಡು, ಜೋರು ಮಳೆ, ನೆಟ್‌ವರ್ಕ್ ಸಿಗದ ಊರು ಎಲ್ಲವೂ ಇಲ್ಲಿನ ಏಳು ತಾಲ್ಲೂಕುಗಳಲ್ಲಿವೆ. ನಾನು ಈ ಕೆಲಸ ಕಲಿತದ್ದೂ ಇಲ್ಲಿಯ ಒಂದು ಹಳೆ ಕೈಪಿಡಿ ಹಿಡಿದೇ. ನಿಮ್ಮ ಜಿಲ್ಲೆಗೆ ಹೆಸರುಗಳನ್ನು ಬದಲಿಸಿಕೊಂಡರೆ ಸಾಕು, ಕ್ರಮ ಅದೇ.

## ಶುರು ಮಾಡುವ ಮೊದಲು ಕೈಯಲ್ಲಿ ಏನಿರಬೇಕು?

ಪುಸ್ತಕದ ಎರಡು ಪ್ರತಿ ಇಟ್ಟುಕೊಳ್ಳಿ. ಒಂದರಲ್ಲಿ ಗುರುತು ಹಾಕಬೇಕು, ಇನ್ನೊಂದನ್ನು ಮುಟ್ಟಬಾರದು. ಹಸಿರು, ಹಳದಿ, ಕೆಂಪು ಬಣ್ಣದ ಪೆನ್ಸಿಲ್ ಬೇಕು. ಒಂದು ಸ್ಪ್ರೆಡ್‌ಶೀಟ್ ಬೇಕು. ಗೂಗಲ್ ಶೀಟ್ಸ್ ಆದರೆ ಮೂರ್ನಾಲ್ಕು ಜನ ಒಟ್ಟಿಗೆ ತುಂಬಬಹುದು. ಸ್ಕ್ಯಾನರ್ ಮತ್ತು ಲೊಕೇಶನ್ ತೋರಿಸುವ ಫೋನ್ ಇದ್ದರೆ ಸಲಕರಣೆ ಮುಗಿಯಿತು.

ಸಮಯದ ಲೆಕ್ಕವನ್ನು ಮಾತ್ರ ಸಡಿಲವಾಗಿ ಇಟ್ಟುಕೊಳ್ಳಿ. 80 ಸ್ಥಳಗಳಿರುವ ಪುಸ್ತಕಕ್ಕೆ ಮೂರು ಜನ ಬಿಡುವಿನ ವೇಳೆಯಲ್ಲಿ ಕೂತರೆ ನಾಲ್ಕೈದು ತಿಂಗಳು ಬೇಕು. ಅದರಲ್ಲಿ ವೆಬ್‌ಸೈಟ್ ಕಟ್ಟುವ ಕೆಲಸ ಎರಡು ವಾರವೂ ಇರುವುದಿಲ್ಲ. ಯಾರಾದರೂ ಮೊದಲ ಸಭೆಯಲ್ಲೇ ಡಿಸೈನ್, ಬಣ್ಣ, ಲೋಗೋ ಅಂತ ಮಾತು ತೆಗೆದರೆ ಅದನ್ನು ಒಂಬತ್ತನೇ ಹಂತಕ್ಕೆ ಮುಂದೂಡಿ.

## ಹಂತ 1: ಹಕ್ಕು ಯಾರದು ಅಂತ ಕೇಳಿ, ಬರೆದುಕೊಳ್ಳಿ

ಪುಸ್ತಕ ನಿಮ್ಮ ಕಪಾಟಿನಲ್ಲಿದೆ ಅಂದ ಮಾತ್ರಕ್ಕೆ ಅದನ್ನು ಆನ್‌ಲೈನ್‌ಗೆ ಹಾಕುವ ಹಕ್ಕು ಬರುವುದಿಲ್ಲ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದು. ಅದರ ಪ್ರಕಾರ ಬರಹದ ಹಕ್ಕು ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. ಸರ್ಕಾರಿ ಇಲಾಖೆ ಹೊರತಂದ ಪುಸ್ತಕವಾದರೆ ಪ್ರಕಟವಾದ ಮರುವರ್ಷದಿಂದ 60 ವರ್ಷ.

ಪ್ರಕಾಶಕರು ಸರಿ ಅಂದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸಾಲದು. ಲೇಖಕರು ಪ್ರಕಾಶಕರಿಗೆ ಹಕ್ಕನ್ನು ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಅಂತ ನಮೂದಿಸದಿದ್ದರೆ ಕಾಯ್ದೆಯ ಪ್ರಕಾರ ಅದು 5 ವರ್ಷಕ್ಕೆ ಮಾತ್ರ. 2012ರ ತಿದ್ದುಪಡಿ ಇನ್ನೊಂದು ಮಾತು ಸೇರಿಸಿದೆ: ಒಪ್ಪಂದ ಆದಾಗ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ, ಅದರ ಹೆಸರು ಹೇಳದೆ ಇದ್ದರೆ, ಆ ಒಪ್ಪಂದ ಅನ್ವಯಿಸುವುದಿಲ್ಲ. ಆದ್ದರಿಂದ ಲೇಖಕರನ್ನೋ ಅವರ ಮನೆಯವರನ್ನೋ ನೇರವಾಗಿ ಕಂಡು ಒಂದು ಪತ್ರ ಬರೆಸಿಕೊಳ್ಳಿ. ಪತ್ರದಲ್ಲಿ ಆನ್‌ಲೈನ್ ಪ್ರಕಟಣೆ, ತಿದ್ದುವ ಅನುಮತಿ, ಅನುವಾದ, ಅವಧಿ ಈ ನಾಲ್ಕೂ ಇರಲಿ. ತಿದ್ದುವ ಅನುಮತಿಯನ್ನು ಮರೆಯಬೇಡಿ. ಅದಿಲ್ಲದಿದ್ದರೆ ಹಳೆ ದರವನ್ನು ಬದಲಿಸಲೂ ಕೈ ಹಿಂಜರಿಯುತ್ತದೆ.

ಫೋಟೋಗಳ ಹಕ್ಕು ಬೇರೆ, ನಕ್ಷೆಯ ಹಕ್ಕು ಬೇರೆ. ಫೋಟೋ ತೆಗೆದವರು ಯಾರು ಅಂತ ಪುಸ್ತಕದಲ್ಲೂ ಇಲ್ಲ, ಪ್ರಕಾಶಕರಿಗೂ ನೆನಪಿಲ್ಲ ಅಂದರೆ ಆ ಫೋಟೋ ಕೈಬಿಡಿ. ಹೊಸದಾಗಿ ತೆಗೆಯುವುದು ಸುಲಭ.

## ಹಂತ 2: ಒಂದು ಸ್ಥಳಕ್ಕೆ ಒಂದು ಸಾಲು

ಈಗಲೇ ಟೈಪ್ ಮಾಡಲು ಕೂರಬೇಡಿ. ಮೊದಲು ಪುಸ್ತಕದ ಎಲ್ಲ ಸ್ಥಳಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಪಟ್ಟಿ ಮಾಡಿ. ಒಂದು ಸ್ಥಳಕ್ಕೆ ಒಂದೇ ಸಾಲು. ಕಾಲಂಗಳು ಇಷ್ಟಿದ್ದರೆ ಸಾಕು: ಕ್ರಮಸಂಖ್ಯೆ, ಹೆಸರು, ಬೇರೆ ಹೆಸರುಗಳು, ತಾಲ್ಲೂಕು, ಪುಸ್ತಕದ ಪುಟ, ಯಾವ ಊರಿಂದ ಎಷ್ಟು ದೂರ, ಸಮಯ, ವಾರದ ರಜೆ, ದರ, ಸಂಪರ್ಕ, ಅಕ್ಷಾಂಶ, ರೇಖಾಂಶ, ಪರಿಶೀಲಿಸಿದ ದಿನ, ಪರಿಶೀಲಿಸಿದವರು.

ಕೊನೆಯ ಎರಡು ಕಾಲಂಗಳನ್ನು ಜನ ಮೊದಲು ಬಿಟ್ಟುಬಿಡುತ್ತಾರೆ. ನಿಜಕ್ಕೂ ಈ ಕೆಲಸದ ಜೀವ ಅಲ್ಲೇ ಇದೆ. ಆ ಎರಡು ಖಾಲಿ ಇರುವ ಸಾಲು ಯಾವ ಕಾರಣಕ್ಕೂ ಪ್ರಕಟವಾಗಬಾರದು ಅಂತ ನಿಯಮ ಮಾಡಿಕೊಳ್ಳಿ.

'ಬೇರೆ ಹೆಸರುಗಳು' ಕಾಲಂ ಕೂಡ ಮುಖ್ಯ. ಒಬ್ಬರು ಕುಪ್ಪಳಿ ಅಂತ ಹುಡುಕುತ್ತಾರೆ, ಇನ್ನೊಬ್ಬರು ಕುಪ್ಪಳ್ಳಿ ಅಂತ. ಹುಂಚ ಅಂದರೂ ಹೊಂಬುಜ ಅಂದರೂ ಒಂದೇ ಊರು. ಬಳ್ಳಿಗಾವಿ, ಬಳ್ಳಿಗಾವೆ ಎರಡೂ ಬಳಕೆಯಲ್ಲಿವೆ. ಕನ್ನಡದಲ್ಲಿ ನಾವು ಮೊದಲಿಂದಲೂ ಶಿವಮೊಗ್ಗ ಅಂತಲೇ ಬರೆದವರು. ಆದರೆ ಇಂಗ್ಲಿಷಿನಲ್ಲಿ 2014ರ ನವೆಂಬರ್ 1ರವರೆಗೆ ಅದು ಶಿಮೋಗಾ ಆಗಿತ್ತು. ಆ ದಿನ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದವು. ಹಳೆ ಹೆಸರಲ್ಲಿ ಹುಡುಕುವವರು ಈಗಲೂ ಇದ್ದಾರೆ. ಪುಟದಲ್ಲಿ ಒಂದು ಹೆಸರನ್ನೇ ಎಲ್ಲ ಕಡೆ ಬಳಸಿ, ಉಳಿದವನ್ನು 'ಹೀಗೂ ಕರೆಯುತ್ತಾರೆ' ಅಂತ ಒಂದು ಸಾಲಿನಲ್ಲಿ ಕೊಡಿ.

ಇನ್ನೊಂದು ಎಚ್ಚರ. ಹಳೆ ಪುಸ್ತಕಗಳಲ್ಲಿ ಜೋಗಕ್ಕೆ ಗೇರುಸೊಪ್ಪೆ ಜಲಪಾತ ಅನ್ನುವ ಹೆಸರೂ ಇದೆ. ಗೇರುಸೊಪ್ಪೆ ಅನ್ನುವ ಊರು ಇರುವುದು ಘಟ್ಟದ ಕೆಳಗೆ, ಹೊನ್ನಾವರ ತಾಲ್ಲೂಕಿನಲ್ಲಿ. ಈ ಹೆಸರನ್ನು ವಿವರಣೆ ಇಲ್ಲದೆ ಹಾಗೇ ಏರಿಸಿದರೆ ಜೋಗಕ್ಕೆ ಹೊರಟವರು ಘಟ್ಟ ಇಳಿದುಬಿಡುತ್ತಾರೆ.

## ಹಂತ 3: ಮೂರು ಬಣ್ಣದ ಗುರುತು

ಈಗ ಪೆನ್ಸಿಲ್ ತೆಗೆದುಕೊಂಡು ಪುಸ್ತಕವನ್ನು ಮೊದಲಿಂದ ಓದಿ. ಪ್ರತಿ ವಾಕ್ಯವನ್ನೂ ಅದರ ಆಯಸ್ಸು ನೋಡಿ ಗುರುತು ಮಾಡಿ.

ಹಸಿರು: ಬದಲಾಗದ್ದು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಶಿಲ್ಪ, ತಾಳಗುಂದದ ಸ್ತಂಭ ಶಾಸನ, ಕವಲೇದುರ್ಗದ ಕೋಟೆ, ಜೋಗದ 253 ಮೀಟರ್ ಎತ್ತರ.

ಹಳದಿ: ನಿಧಾನವಾಗಿ ಬದಲಾಗುವುದು. ರಸ್ತೆ, ದೂರ, ರೈಲು, ತಾಲ್ಲೂಕು ಮತ್ತು ಜಿಲ್ಲೆಯ ಗಡಿ.

ಕೆಂಪು: ಯಾವಾಗ ಬೇಕಾದರೂ ಬದಲಾಗುವುದು. ಪ್ರವೇಶ ದರ, ತೆರೆಯುವ ಸಮಯ, ಫೋನ್ ನಂಬರ್, ಲಾಡ್ಜ್, ಹೋಟೆಲ್, ಅರಣ್ಯ ಇಲಾಖೆಯ ನಿಯಮ, ಬಸ್ ಸಮಯ.

ಹಳದಿಯನ್ನು ಹಗುರವಾಗಿ ನೋಡಬೇಡಿ. ಸಿಗಂದೂರಿಗೆ ಹೋಗಲು ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕು ಅಂತ ಎಲ್ಲ ಹಳೆ ಕೈಪಿಡಿಗಳಲ್ಲೂ ಇದೆ. 2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ನಡುವೆ ಸುಮಾರು 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ಒಂದೇ ದಿನದಲ್ಲಿ ಆ ಅಧ್ಯಾಯದ ದಾರಿ, ಸಮಯ, ಸಾಗರದಿಂದ ಎಷ್ಟು ಹೊತ್ತಿನ ಪ್ರಯಾಣ ಅನ್ನುವ ಲೆಕ್ಕ ಎಲ್ಲವೂ ಹಳತಾದವು. ಹಾಗೇ 2023ಕ್ಕೆ ಮೊದಲಿನ ಪುಸ್ತಕದಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಇರುವುದಿಲ್ಲ.

ಬೇರೆ ಜಿಲ್ಲೆಯವರು ಗಡಿಯನ್ನು ಮೊದಲು ನೋಡಿ. 1997ರಲ್ಲಿ ಏಳು ಹೊಸ ಜಿಲ್ಲೆಗಳಾದವು. ಅದಕ್ಕೆ ಮೊದಲಿನ ಕೈಪಿಡಿಯಲ್ಲಿ ಬಾದಾಮಿ, ಪಟ್ಟದಕಲ್ಲು ಬಿಜಾಪುರ ಜಿಲ್ಲೆಯಲ್ಲಿರುತ್ತವೆ, ಈಗ ಅವು ಬಾಗಲಕೋಟೆಯವು. ಹಂಪಿ ಬಳ್ಳಾರಿ ಜಿಲ್ಲೆ ಅಂತ ಬರೆದಿದ್ದರೆ ಅದು 2021ಕ್ಕೆ ಮೊದಲಿನ ಮಾತು, ಈಗ ವಿಜಯನಗರ ಜಿಲ್ಲೆ. ತಾಲ್ಲೂಕುವಾರು ಪುಟ ಮಾಡಿದ ಮೇಲೆ ಇದು ಗೊತ್ತಾದರೆ ಪುಟಗಳ ವಿಳಾಸವನ್ನೇ ಬದಲಿಸಬೇಕಾಗುತ್ತದೆ.

## ಹಂತ 4: ಪರಿಶೀಲನೆ, ಫೋನಿನಲ್ಲಿ ಮತ್ತು ಕಾಲ್ನಡಿಗೆಯಲ್ಲಿ

ಕೆಂಪು ಗುರುತಿನ ಒಂದು ಮಾಹಿತಿಯನ್ನೂ ಪುಸ್ತಕದಿಂದ ನಕಲು ಮಾಡಬೇಡಿ. ಅದು ಒಂದು ಪ್ರಶ್ನೆ ಅಂದುಕೊಳ್ಳಿ. ಉತ್ತರ ಹೊಸದಾಗಿ ಬರಬೇಕು.

ಮೊದಲು ಫೋನ್. ಪುಸ್ತಕದಲ್ಲಿರುವ ಪ್ರತಿ ನಂಬರಿಗೂ ಕರೆ ಮಾಡಿ. ತುಂಬಾ ಹಳೆ ಲ್ಯಾಂಡ್‌ಲೈನ್ ನಂಬರ್ ಐದೇ ಅಂಕಿಯದಾಗಿರುತ್ತದೆ. ಆಮೇಲೆ ಅಂಥ ನಂಬರುಗಳ ಮುಂದೆ 2 ಸೇರಿತು, ಹಾಕಿ ನೋಡಿ. ಮೊಬೈಲ್ ನಂಬರ್ ಇನ್ನೂ ಅಪಾಯ. ನಾವು ಮೊದಲ ಸಲ ಏರಿಸಿದ ಪುಟದಲ್ಲಿ ಒಂದು ವಸತಿಗೃಹದ ಮೊಬೈಲ್ ನಂಬರ್ ಹಾಗೇ ಉಳಿದುಬಿಟ್ಟಿತ್ತು. ಆ ವಸತಿಗೃಹ ಮುಚ್ಚಿ ವರ್ಷಗಳಾಗಿ, ನಂಬರ್ ಬೇರೊಂದು ಊರಿನ ಅಜ್ಜಿಗೆ ಹೋಗಿತ್ತು. ದಸರಾ ರಜೆಯಲ್ಲಿ ಅವರಿಗೆ ಹಗಲು ರಾತ್ರಿ ರೂಮ್ ಕೇಳುವ ಕರೆಗಳು. ವಿಷಯ ತಿಳಿದು ನಾವು ಕ್ಷಮೆ ಕೇಳಿದಾಗ ಅವರು ಅಂದದ್ದು, "ಮಗಾ, ಒಂದು ಸಲ ಕರೆ ಮಾಡಿ ನೋಡಿದ್ದರೆ ಆಗ್ತಿತ್ತಲ್ಲ" ಅಂತ. ಅಂದಿನಿಂದ ಕರೆ ಮಾಡದ ನಂಬರ್ ನಮ್ಮ ಪಟ್ಟಿಯಲ್ಲಿ ಇಲ್ಲ. ಅರ್ಚಕರು, ಗೈಡ್, ಜೀಪ್ ಚಾಲಕರ ಸ್ವಂತ ನಂಬರ್ ಹಾಕುವುದಾದರೆ ಅವರನ್ನು ಕೇಳಿ, ಒಪ್ಪಿದರೆ ಮಾತ್ರ ಹಾಕಿ.

ಆಮೇಲೆ ಸ್ಥಳಕ್ಕೆ ಹೋಗಿ. ಟಿಕೆಟ್ ಕೌಂಟರಿನ ದರಪಟ್ಟಿ ಫಲಕದ ಫೋಟೋ ತೆಗೆಯಿರಿ. ಫೋಟೋದಲ್ಲಿ ತಾರೀಖು ಇರುತ್ತದೆ, ಅದೇ ನಿಮ್ಮ ದಾಖಲೆ. ಕೌಂಟರಿನಲ್ಲಿ ಕೂತವರನ್ನು ಕೇಳಬೇಕಾದ್ದು ಇಷ್ಟು: ಕೊನೆಯ ಟಿಕೆಟ್ ಎಷ್ಟು ಗಂಟೆಗೆ, ವಾರದಲ್ಲಿ ಯಾವ ದಿನ ರಜೆ, ಕ್ಯಾಮೆರಾಗೆ ಬೇರೆ ದರ ಇದೆಯಾ, ಗಾಡಿ ಎಲ್ಲಿ ನಿಲ್ಲಿಸಬೇಕು, ಶೌಚಾಲಯ ಮತ್ತು ಕುಡಿಯುವ ನೀರು ಎಲ್ಲಿ, ಮಂಡಿ ನೋವಿನವರು ಎಷ್ಟು ದೂರ ನಡೆಯಬೇಕು. ಕೊನೆಯ ಪ್ರಶ್ನೆಯನ್ನು ಪುಸ್ತಕಗಳು ಕೇಳಿದ್ದೇ ಇಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಅದೇ ಮೊದಲ ಪ್ರಶ್ನೆ, ಅಲ್ವಾ?

ಬಸ್ ಸಮಯದ ಪೂರ್ತಿ ಪಟ್ಟಿ ಕೊಡುವ ಆಸೆ ಬಿಡಿ. ಅದನ್ನು ಯಾರೂ ನಿಭಾಯಿಸಲಾರರು. ನಿಲ್ದಾಣದ ಸಂಚಾರ ನಿಯಂತ್ರಕರನ್ನು ಕೇಳಿ ಮೂರೇ ಮಾಹಿತಿ ಬರೆದುಕೊಳ್ಳಿ: ಮೊದಲ ಬಸ್, ಕೊನೆಯ ಬಸ್, ನಡುವೆ ಸುಮಾರು ಎಷ್ಟು ಹೊತ್ತಿಗೊಂದು. ವಾಪಸ್ ಬರುವ ಕೊನೆಯ ಬಸ್ಸಿನ ಸಮಯವಂತೂ ಬೇಕೇ ಬೇಕು. ಖಾಸಗಿ ಬಸ್ಸುಗಳು ಜಾಸ್ತಿ ಓಡುವ ದಾರಿಯಲ್ಲಿ ಅವುಗಳ ಏಜೆಂಟರನ್ನೂ ಕೇಳಿ.

ಕಾಡಿನ ಜಾಗಗಳಿಗೆ ಅರಣ್ಯ ಇಲಾಖೆಯ ಮಾತೇ ಕೊನೆಯದು. ಕೆಲವು ಚಾರಣದ ದಾರಿಗಳಿಗೆ ಈಗ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿಯೂ ಇದೆ. 'ಊರಿನವರನ್ನು ಕೇಳಿ ಹತ್ತಬಹುದು' ಅಂತ ಹಳೆ ಪುಸ್ತಕದಲ್ಲಿರುವ ಸಾಲನ್ನು ನಂಬಿ ಹೋದವರು ಗೇಟಿನಿಂದಲೇ ವಾಪಸ್ ಬರುತ್ತಾರೆ.

ಪುಸ್ತಕ ಹೇಳದ ಕಾಲದ ಎಚ್ಚರಿಕೆಗಳನ್ನೂ ಇಲ್ಲಿಯೇ ಸೇರಿಸಿ. ಮಳೆಗಾಲದಲ್ಲಿ ಇಂಬಳ, ಘಟ್ಟದಲ್ಲಿ ಗುಡ್ಡ ಕುಸಿತ. ಚಳಿಗಾಲದಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆ. ಆ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆ ಕಚ್ಚುವುದರಿಂದ ಬರುವ ಕಾಯಿಲೆ ಅದು. ಕಾಡಿಗೆ ಹೋಗುವವರು ಮೈ ಮುಚ್ಚುವ ಬಟ್ಟೆ ಹಾಕಿಕೊಳ್ಳಬೇಕು ಅನ್ನುವ ಒಂದು ಸಾಲು ಪುಟದಲ್ಲಿ ಇರಲಿ. ಹೆದರಿಸುವ ಹಾಗೆ ಬರೆಯುವುದು ಬೇಡ.

## ಹಂತ 5: ಈಗ ಅಕ್ಷರಕ್ಕೆ ಬನ್ನಿ

ಪರಿಶೀಲನೆ ಮುಗಿದಾಗ ಪುಸ್ತಕದ ಎಷ್ಟೋ ಭಾಗ ಉದುರಿ ಹೋಗಿರುತ್ತದೆ. ಉಳಿದದ್ದನ್ನು ಮಾತ್ರ ಅಕ್ಷರಕ್ಕೆ ತನ್ನಿ. ಮೊದಲೇ ಇನ್ನೂರು ಪುಟ ಟೈಪ್ ಮಾಡಿಸಿದವರು ಅರ್ಧ ದುಡ್ಡು ಕಳೆದುಕೊಂಡಿರುತ್ತಾರೆ.

ಪುಸ್ತಕದ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ) ಮಾಡಿದವರ ಬಳಿ ಮೂಲ ಫೈಲ್ ಇದೆಯಾ ಅಂತ ವಿಚಾರಿಸಿ. ಹೆಚ್ಚಾಗಿ ಅದು ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ತಂತ್ರಾಂಶದಲ್ಲಿ ಇರುತ್ತದೆ, ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿ ಫಾಂಟಿನಲ್ಲಿ. ಅದನ್ನು ನೇರವಾಗಿ ಕಾಪಿ ಮಾಡಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಗಾಬರಿ ಬೇಡ. ನುಡಿ ಮತ್ತು ಬರಹ ಎರಡರಲ್ಲೂ ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನು ಕಂಪ್ಯೂಟರುಗಳೂ ಓದುವ ಅಕ್ಷರ ರೂಪಕ್ಕೆ, ಪರಿವರ್ತಿಸುವ ಸೌಲಭ್ಯ ಇದೆ.

ಫೈಲ್ ಸಿಗದಿದ್ದರೆ ಸ್ಕ್ಯಾನ್. ಸ್ಕ್ಯಾನಿನ ಸ್ಪಷ್ಟತೆ 300 ಡಿಪಿಐಗಿಂತ ಕಡಿಮೆ ಬೇಡ, ಅಕ್ಷರ ಸಣ್ಣದಿದ್ದರೆ 400. ಆ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳು ಹೊರಬರುತ್ತವೆ. ಕಂಪ್ಯೂಟರಿನಲ್ಲೇ ಮಾಡುವವರಿಗೆ ಟೆಸೆರಾಕ್ಟ್ ಅನ್ನುವ ತಂತ್ರಾಂಶ ಇದೆ, ಉಚಿತ, ಕನ್ನಡ ಓದುತ್ತದೆ.

ಎರಡೂ ದಾರಿಯಲ್ಲಿ ತಪ್ಪುಗಳು ಬಂದೇ ಬರುತ್ತವೆ. ಇವನ್ನು ಹೆಸರು ಹಿಡಿದು ಹುಡುಕಿ:

ಸೊನ್ನೆ. 'ಸಿಗ೦ದೂರು' ಮತ್ತು 'ಸಿಗಂದೂರು' ಕಣ್ಣಿಗೆ ಒಂದೇ. ಮೊದಲನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ ಕೂತಿದೆ. ಸರಿಯಾಗಿ ಟೈಪ್ ಮಾಡಿ ಹುಡುಕಿದವರಿಗೆ ಆ ಪುಟ ಸಿಗದೇ ಹೋಗಬಹುದು.

ಅರ್ಕಾವತ್ತು. 'ತೀಥ೯ಹಳ್ಳಿ', 'ಕವಲೇದುಗ೯' ಅಂತ ಬಂದಿದ್ದರೆ ಅಲ್ಲಿರುವುದು ಕನ್ನಡ ಅಂಕಿ ಒಂಬತ್ತು. ಹುಡುಕುವ ಪೆಟ್ಟಿಗೆಯಲ್ಲಿ ೦ ಮತ್ತು ೯ ಹಾಕಿ ಒಂದೊಂದಾಗಿ ಸರಿ ಮಾಡಿ. ಸುಮ್ನೆ ಎಲ್ಲವನ್ನೂ ಒಂದೇ ಸಲ ಬದಲಿಸಿದರೆ ನಿಜವಾದ ಅಂಕಿಗಳೂ ಹಾಳಾಗುತ್ತವೆ.

ಅಂಕಿಗಳು. ಪುಸ್ತಕದಲ್ಲಿ ಕನ್ನಡ ಅಂಕಿ ಇದ್ದರೆ ೬ ಮತ್ತು ೯ ಅದಲುಬದಲಾಗುತ್ತವೆ. 16 ಕಿ.ಮೀ. ಹೋಗಿ 19 ಆಗುತ್ತದೆ. ಅಂಕಿಗಳನ್ನು ಯಂತ್ರಕ್ಕೆ ಬಿಡದೆ ಕೈಯಲ್ಲೇ ತುಂಬಿ.

ಒಡೆದ ಕೊಂಬು. 'ಶಿವಮೊಗ್ಗ'ದ 'ಮೊ' ಒಂದೇ ಚಿಹ್ನೆಯಾಗಿಯೂ ಇರಬಹುದು, ಎರಡು ತುಂಡಾಗಿಯೂ ಇರಬಹುದು. ನೋಡಲು ವ್ಯತ್ಯಾಸ ಕಾಣುವುದಿಲ್ಲ. ವೆಬ್‌ಸೈಟ್ ಮಾಡುವವರಿಗೆ ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ (ತುಂಡಾದ ಚಿಹ್ನೆಗಳನ್ನು ಒಂದು ಮಾಡುವ ರೂಪ) ತನ್ನಿ ಅಂತ ಹೇಳಿ. ಅವರಿಗೆ ಅರ್ಥವಾಗುತ್ತದೆ.

ಕರಡು ತಿದ್ದಲು ಇಬ್ಬರು ಕೂರಿ. ಒಬ್ಬರು ಪುಸ್ತಕ ನೋಡಿ ಜೋರಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಬೇಕು. ಊರಿನ ಹೆಸರುಗಳನ್ನು ತಾನಾಗಿ ತಿದ್ದುವ ಸೌಲಭ್ಯವನ್ನು ಆಫ್ ಮಾಡಿ. ಇಂಗ್ಲಿಷ್ ಆವೃತ್ತಿ ಬೇಕಿದ್ದರೆ ಯಂತ್ರಾನುವಾದವನ್ನು ಹಾಗೇ ಹಾಕಬೇಡಿ. ಅದು ಸಾಗರ ತಾಲ್ಲೂಕನ್ನು ಸಮುದ್ರ ಮಾಡಿಬಿಡಬಹುದು.

## ಹಂತ 6: ನಕ್ಷೆಯಲ್ಲಿ ಪಿನ್ ಎಲ್ಲಿ ಚುಚ್ಚಬೇಕು?

ಪುಸ್ತಕದ ಕೈಬರಹದ ನಕ್ಷೆ ಅಳತೆಗೆ ಬರೆದದ್ದಲ್ಲ. ಬೇಕಿದ್ದರೆ ಚಿತ್ರವಾಗಿ ಇಟ್ಟುಕೊಳ್ಳಿ, ದಾರಿ ಹೇಳಲು ಬಳಸಬೇಡಿ. ಪ್ರತಿ ಸ್ಥಳಕ್ಕೂ ಅಕ್ಷಾಂಶ ರೇಖಾಂಶ ಬೇಕು.

ದೊಡ್ಡ ತಪ್ಪು ಆಗುವುದು ಪಿನ್ನಿನ ಜಾಗದಲ್ಲಿ. ಜಲಪಾತದ ಪಿನ್ ನೀರಿನ ಮೇಲೆ ಚುಚ್ಚಿದರೆ ಫೋನ್ ಹತ್ತಿರದ ಯಾವುದೋ ರಸ್ತೆಗೆ ಕರೆದೊಯ್ಯುತ್ತದೆ. ಜೋಗದಲ್ಲಿ ಹೊಳೆಯ ಒಂದು ದಡ ಶಿವಮೊಗ್ಗ ಜಿಲ್ಲೆ, ಇನ್ನೊಂದು ದಡ ಉತ್ತರ ಕನ್ನಡ. ದಡ ತಪ್ಪಿದರೆ ಸುತ್ತಿಕೊಂಡು ಬರಬೇಕು. ಕೊಡಚಾದ್ರಿಯ ಪಿನ್ ತುದಿಯಲ್ಲಿ ಇಟ್ಟರೆ ಕಾರಿನವರು ಜೀಪ್ ಮಾತ್ರ ಹತ್ತುವ ದಾರಿಗೆ ನುಗ್ಗುತ್ತಾರೆ. ಹಾಗಾಗಿ ಗಾಡಿ ನಿಲ್ಲಿಸುವ ಜಾಗಕ್ಕೆ ಅಥವಾ ಗೇಟಿಗೆ ಪಿನ್ ಹಾಕಿ. ಸ್ಥಳ ಇನ್ನೂ ದೂರ ಇದ್ದರೆ ಎರಡು ಪಿನ್ ಕೊಡಿ, 'ಗಾಡಿ ಇಲ್ಲಿವರೆಗೆ', 'ನಡೆದು ಇಲ್ಲಿಗೆ' ಅಂತ.

ಅಂಕಿಗಳನ್ನು ದಶಮಾಂಶದಲ್ಲಿ ಬರೆಯಿರಿ, ನಾಲ್ಕು ಸ್ಥಾನ ಇದ್ದರೆ ಸುಮಾರು 11 ಮೀಟರ್ ನಿಖರತೆ ಸಿಗುತ್ತದೆ. ಹಳೆ ಪುಸ್ತಕದಲ್ಲಿ 13 ಡಿಗ್ರಿ 30 ನಿಮಿಷ ಅಂತ ಇದ್ದರೆ ಅದು 13.5. ಅದನ್ನು 13.30 ಅಂತ ಬರೆದರೆ ಜಾಗ ಸುಮಾರು 22 ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ.

ಪರೀಕ್ಷೆ ಸುಲಭ. ಶಿವಮೊಗ್ಗ ಜಿಲ್ಲೆಯ ಯಾವುದೇ ಸ್ಥಳದ ಅಕ್ಷಾಂಶ 13 ಅಥವಾ 14ರಿಂದ, ರೇಖಾಂಶ 74 ಅಥವಾ 75ರಿಂದ ಶುರುವಾಗಬೇಕು. ಎರಡು ಕಾಲಂ ಅದಲುಬದಲಾದರೆ ನಿಮ್ಮ ಪಿನ್ ನಾರ್ವೆಯ ಉತ್ತರದ ಸಮುದ್ರದಲ್ಲಿ ಕಾಣುತ್ತದೆ. ಪೂರ್ತಿ ಪಟ್ಟಿಯನ್ನು ಗೂಗಲ್ ಮೈ ಮ್ಯಾಪ್ಸ್‌ಗೆ ಒಂದೇ ಸಲ ಏರಿಸಿ ನೋಡಿ, ತಪ್ಪಿದ ಪಿನ್ನುಗಳು ತಕ್ಷಣ ಎದ್ದು ಕಾಣುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸಿದರೆ ಅದರ ಹೆಸರನ್ನು ನಕ್ಷೆಯ ಕೆಳಗೆ ಹಾಕಲೇಬೇಕು.

## ಹಂತ 7: ಫೋಟೋ

ಅಚ್ಚಾದ ಫೋಟೋವನ್ನು ಸ್ಕ್ಯಾನ್ ಮಾಡಿದರೆ ಚುಕ್ಕೆ ಚುಕ್ಕೆ ಬಲೆ ಬರುತ್ತದೆ. ಮೂಲ ಪ್ರಿಂಟ್ ಅಥವಾ ನೆಗೆಟಿವ್ ಸಿಕ್ಕರೆ ಮಾತ್ರ ಬಳಸಿ.

ಹೊಸ ಫೋಟೋ ಕಳಿಸುವವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿಯಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ತೆಗೆದ ದಿನ ಮತ್ತು ಜಾಗದ ವಿವರವೂ ಅಳಿಸಿಹೋಗುತ್ತದೆ. ಏರಿಸುವಾಗ 1600 ಪಿಕ್ಸೆಲ್ ಅಗಲ, 200 ಕೆಬಿ ಒಳಗೆ ಸಾಕು.

ಚಿತ್ರದ ಕೆಳಗೆ ತಿಂಗಳು ಬರೆಯಿರಿ. ಜೋಗದ ತುಂಬಿದ ರಾಜ, ರಾಣಿ, ರೋರರ್, ರಾಕೆಟ್ ಫೋಟೋ ಆಗಸ್ಟಿನದು. ಏಪ್ರಿಲಿನಲ್ಲಿ ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಕಾಣುವುದು ಒಣ ಬಂಡೆ ಮತ್ತು ತೆಳು ನೀರು. ಮೇಲೆ ಲಿಂಗನಮಕ್ಕಿ ಅಣೆಕಟ್ಟೆ ನೀರು ಹಿಡಿದಿಡುತ್ತದೆ ಅನ್ನುವುದೂ ಅವರಿಗೆ ಗೊತ್ತಿರುವುದಿಲ್ಲ. 'ಆಗಸ್ಟ್ ತಿಂಗಳ ಚಿತ್ರ' ಅನ್ನುವ ಮೂರು ಪದ ಅವರ ಒಂದು ದಿನ ಉಳಿಸುತ್ತದೆ.

## ಹಂತ 8: ಪುಟ ಬರೆಯುವುದು

ಪುಸ್ತಕ ಓದುವವರು ಮುನ್ನುಡಿಯಿಂದ ಬರುತ್ತಾರೆ. ಆನ್‌ಲೈನ್ ಓದುಗರು ನೇರವಾಗಿ ನಡುವಿನ ಪುಟಕ್ಕೆ ಬೀಳುತ್ತಾರೆ. ಆದ್ದರಿಂದ ಪ್ರತಿ ಪುಟವೂ ತನ್ನ ಕಾಲ ಮೇಲೆ ನಿಲ್ಲಬೇಕು.

ಮೊದಲು ಇಂಥ ಮಾತುಗಳನ್ನು ಹುಡುಕಿ ತೆಗೆಯಿರಿ: 'ಮೇಲೆ ಹೇಳಿದಂತೆ', 'ಪುಟ 46ರ ನಕ್ಷೆ ನೋಡಿ', 'ಇಲ್ಲಿಂದ 8 ಕಿ.ಮೀ.', 'ಇತ್ತೀಚೆಗೆ', 'ಕಳೆದ ವರ್ಷ'. ಇಲ್ಲಿಂದ ಅಂದರೆ ಎಲ್ಲಿಂದ? ಊರಿನ ಹೆಸರು ಹಾಕಿ. ಕಳೆದ ವರ್ಷ ಅಂದರೆ ಯಾವ ವರ್ಷ? ಇಸವಿ ಹಾಕಿ, ಇಸವಿ ಗೊತ್ತಾಗದಿದ್ದರೆ ಸಾಲು ತೆಗೆಯಿರಿ.

ಆಮೇಲೆ ಕ್ರಮ ತಿರುಗಿಸಿ. ಹೊರಟವರಿಗೆ ಬೇಕಾದ್ದು ಮೇಲೆ, ಇತಿಹಾಸ ಕೆಳಗೆ. ಸಿಗಂದೂರಿನ ಪುಟದ ತಲೆ ಹೀಗಿರಲಿ: ಎಲ್ಲಿದೆ, ಸಾಗರದಿಂದ ಹೋಗುವುದು ಹೇಗೆ, ಸೇತುವೆ ಯಾವಾಗಿನಿಂದ ಇದೆ, ದರ್ಶನದ ಸಮಯ, ಊಟ, ವಸತಿ, ವಾಪಸ್ ಬರುವ ಕೊನೆಯ ಬಸ್, ಪರಿಶೀಲಿಸಿದ ದಿನ. ಆ ದಿನವನ್ನು ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬಚ್ಚಿಡಬೇಡಿ. ದರದ ಪಕ್ಕದಲ್ಲೇ ಇರಲಿ.

ಇತಿಹಾಸದ ಭಾಗವನ್ನು ಕತ್ತರಿಸಿ ಚೂರು ಮಾಡಬೇಡಿ ಅಂತಲೂ ಹೇಳಬೇಕು. ಹಸಿರು ಗುರುತಿನ ಆ ಪುಟಗಳಿಗಾಗಿಯೇ ಹಳೆ ಕೈಪಿಡಿಗೆ ಬೆಲೆ. ಕೆಳದಿಯ ಬಗ್ಗೆ ಹಳಬರು ಬರೆದ ನಾಲ್ಕು ಪುಟ ಬೇರೆಲ್ಲೂ ಸಿಗುವುದಿಲ್ಲ. ಅದನ್ನು ಲೇಖಕರ ಹೆಸರಿನೊಂದಿಗೆ, ಪುಸ್ತಕದ ವರ್ಷದೊಂದಿಗೆ ಪೂರ್ತಿ ಕೊಡಿ.

ತುರ್ತು ನಂಬರ್ ಪ್ರತಿ ಪುಟದಲ್ಲೂ ಇರಲಿ: ಪೊಲೀಸ್ ಮತ್ತು ಎಲ್ಲ ತುರ್ತಿಗೆ 112, ಆಂಬುಲೆನ್ಸ್‌ಗೆ 108, ಪ್ರವಾಸಿಗರ ಸಹಾಯಕ್ಕೆ 1363.

## ಹಂತ 9: ವೆಬ್‌ಸೈಟ್

ಡೊಮೈನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ನಿಮ್ಮ ಸಂಸ್ಥೆಯ ಹೆಸರಲ್ಲೇ, ನಿಮ್ಮ ಇಮೇಲ್‌ನಲ್ಲೇ ನೋಂದಾಯಿಸಿ. ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಲ್ಲಿ ಇದ್ದು, ಅವರು ನವೀಕರಿಸಲು ಮರೆತರೆ ಆ ವಿಳಾಸವನ್ನು ಬೇರೆ ಯಾರೋ ಕೊಳ್ಳಬಹುದು. ಸಾಧ್ಯವಾದರೆ ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡಿ.

ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ. ಕನ್ನಡದಲ್ಲಿ ಇಟ್ಟರೆ ಹಂಚುವಾಗ 'ಜೋಗ' ಅನ್ನುವ ಎರಡಕ್ಷರ 27 ಚಿಹ್ನೆಗಳ ಸಾಲಾಗಿಬಿಡುತ್ತದೆ, ಜನ ಅದನ್ನು ವೈರಸ್ ಲಿಂಕ್ ಅಂದುಕೊಳ್ಳುತ್ತಾರೆ. ಶೀರ್ಷಿಕೆಯಲ್ಲಿ ಮಾತ್ರ ಕನ್ನಡ ಲಿಪಿ, ಇಂಗ್ಲಿಷ್ ಲಿಪಿ ಎರಡೂ ಇರಲಿ.

ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ ಸಾಕು. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಎರಡೂ ಬದಿ ಸಮ ಮಾಡಬೇಡಿ. ಕನ್ನಡದ ಪದಗಳು ಉದ್ದ, ಫೋನಿನ ಪರದೆಯಲ್ಲಿ ನಡುನಡುವೆ ಹಳ್ಳ ಬೀಳುತ್ತದೆ.

ಒಂದು ಪುಟದ ತೂಕ 1 ಎಂಬಿ ದಾಟದಿರಲಿ. ಪರೀಕ್ಷೆಯನ್ನು ಆಫೀಸಿನ ವೈಫೈನಲ್ಲಿ ಮಾಡಬೇಡಿ. ಹಳೆ ಫೋನ್ ಹಿಡಿದು ಸಿಗ್ನಲ್ ಕಡಿಮೆ ಇರುವ ಊರಿಗೆ ಹೋಗಿ ತೆರೆದು ನೋಡಿ. ಮಲೆನಾಡಿನಲ್ಲಿ ನೆಟ್‌ವರ್ಕ್ ಬೇಕಾದ ಜಾಗದಲ್ಲೇ ಸಿಗುವುದಿಲ್ಲ. ಅದಕ್ಕೇ ತಾಲ್ಲೂಕಿಗೊಂದು ಸಣ್ಣ ಪಿಡಿಎಫ್ ಮಾಡಿ, ಮನೆಯಲ್ಲೇ ಇಳಿಸಿಕೊಳ್ಳಲು ಹೇಳಿ. ಪಿಡಿಎಫ್ ಕೆಲಸಕ್ಕೆ ಬರುವುದು ಇಲ್ಲಿ.

## ಇವು ಕಂಡರೆ ಕೆಲಸ ನಿಲ್ಲಿಸಿ

'ಪರಿಶೀಲಿಸಿದ ದಿನ' ಕಾಲಂನಲ್ಲಿ ಎಲ್ಲ ಸಾಲಿಗೂ ಒಂದೇ ತಾರೀಖು ಇದೆ. ಯಾರೋ ಎಳೆದು ತುಂಬಿದ್ದಾರೆ ಅಂತ ಅರ್ಥ.

ನಿಮ್ಮ ಪುಟದ ವಾಕ್ಯವನ್ನು ಹುಡುಕಿದರೆ ಹತ್ತು ಬೇರೆ ಸೈಟುಗಳಲ್ಲಿ ಅದೇ ವಾಕ್ಯ ಸಿಗುತ್ತದೆ. ತಂಡದಲ್ಲಿ ಯಾರೋ ಸ್ಥಳಕ್ಕೆ ಹೋಗದೆ ನಕಲು ಮಾಡಿದ್ದಾರೆ.

ಫೋನಿನಲ್ಲಿ ಊರಿನ ಹೆಸರು ಟೈಪ್ ಮಾಡಿ ನಿಮ್ಮ ಸೈಟಿನೊಳಗೇ ಹುಡುಕಿದರೂ ಪುಟ ಸಿಗುತ್ತಿಲ್ಲ. ಐದನೇ ಹಂತಕ್ಕೆ ವಾಪಸ್ ಹೋಗಿ.

## ಹಂತ 10: ಒಂದು ತಾಲ್ಲೂಕಿನಿಂದ ಶುರು, ವರ್ಷಕ್ಕೆ ಮೂರು ಸಲ ಸುತ್ತು

ಇಡೀ ಜಿಲ್ಲೆ ಮುಗಿಯಲಿ ಅಂತ ಕಾಯಬೇಡಿ. ಸಾಗರವನ್ನೋ ತೀರ್ಥಹಳ್ಳಿಯನ್ನೋ ಮೊದಲು ಪ್ರಕಟಿಸಿ. ಒಂದು ತಿಂಗಳು ಜನ ಏನು ಹೇಳುತ್ತಾರೆ ನೋಡಿ. ತಪ್ಪು ತಿಳಿಸಲು ಒಂದು ವಾಟ್ಸ್‌ಆ್ಯಪ್ ನಂಬರ್ ಎಲ್ಲ ಪುಟದಲ್ಲೂ ಇರಲಿ. ಹೋಟೆಲಿನವರು, ಆಟೋದವರು, ಬಸ್ ಕಂಡಕ್ಟರುಗಳು ಅದಕ್ಕೆ ಕಳಿಸುವ ಸುದ್ದಿ ನಿಮ್ಮ ಯಾವ ಸಮೀಕ್ಷೆಗಿಂತಲೂ ಚೆನ್ನಾಗಿರುತ್ತದೆ.

ಪ್ರತಿ ತಾಲ್ಲೂಕಿಗೆ ಅಲ್ಲೇ ಇರುವ ಒಬ್ಬರನ್ನು ಹೊಣೆ ಮಾಡಿ. ಕೆಂಪು ಮಾಹಿತಿಯನ್ನು ವರ್ಷಕ್ಕೆ ಮೂರು ಸಲ ನೋಡಲಿ: ಏಪ್ರಿಲಿನಲ್ಲಿ ದರ ಬದಲಾಗಿದೆಯಾ ಅಂತ, ಮೇ ಕೊನೆಗೆ ಮಳೆಗಾಲದ ರಸ್ತೆ ಮತ್ತು ಕಾಡಿನ ನಿರ್ಬಂಧಗಳಿಗಾಗಿ, ಸೆಪ್ಟೆಂಬರ್ ಕೊನೆಗೆ ದಸರಾ ದೀಪಾವಳಿ ರಜೆಗೆ ಮುಂಚೆ. ಹಳದಿಯನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಕು. ಒಂದು ವರ್ಷ ದಾಟಿದ ಕೆಂಪು ಮಾಹಿತಿ ತಾನಾಗಿ ಮರೆಯಾಗಿ, ಅಲ್ಲಿ 'ಫೋನ್ ಮಾಡಿ ವಿಚಾರಿಸಿ' ಅಂತ ಬರುವ ಹಾಗೆ ಮಾಡಿಸಿ. ತಪ್ಪು ದರಕ್ಕಿಂತ ಖಾಲಿ ಜಾಗ ಮೇಲು.

ಮುಂದಿನ ಮುದ್ರಣದಲ್ಲಿ ಕ್ಯೂಆರ್ ಕೋಡ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ, ಹಾಕಿ. ಆದರೆ ಅದು ನಿಮ್ಮದೇ ಡೊಮೈನಿನ ವಿಳಾಸ ಆಗಿರಲಿ, ಯಾವುದೋ ಉಚಿತ ಸೇವೆಯ ಚಿಕ್ಕ ಲಿಂಕ್ ಬೇಡ. ಆ ಸೇವೆ ನಿಂತರೆ ಅಚ್ಚಾದ ಸಾವಿರ ಪ್ರತಿಗಳ ಕೋಡ್ ಸತ್ತುಹೋಗುತ್ತದೆ. ಅಳತೆ ಎರಡು ಸೆಂಟಿಮೀಟರಿಗಿಂತ ಚಿಕ್ಕದು ಬೇಡ, ಅಚ್ಚಿಗೆ ಕೊಡುವ ಮೊದಲು ಅದೇ ಕಾಗದದಲ್ಲಿ ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ ನೋಡಿ.

ಹಳತಾದ ಪುಟವನ್ನು ಅಳಿಸಬೇಡಿ. ಸಿಗಂದೂರು ಲಾಂಚ್ ಎಷ್ಟು ಗಂಟೆಗೆ ಅಂತ ಹುಡುಕುವವರು ಇನ್ನೂ ಕೆಲವು ವರ್ಷ ಇರುತ್ತಾರೆ. ಪುಟ ಅಳಿಸಿದರೆ ಅವರು ಬೇರೆ ಯಾವುದೋ ಹಳೆ ಪುಟದ ಸಮಯ ನಂಬಿ ಹೊರಡುತ್ತಾರೆ. ಆ ವಿಳಾಸವನ್ನು ಹಾಗೇ ಉಳಿಸಿಕೊಳ್ಳಿ. ಮೊದಲ ಸಾಲಿನಲ್ಲಿ ಸೇತುವೆಯ ಸುದ್ದಿ ಮತ್ತು ತಾರೀಖು ಬರಲಿ, ಅದರ ಕೆಳಗೆ ಹೊಸ ದಾರಿ. ಲಾಂಚಿನ ಹಳೆ ವಿವರವನ್ನು ಹಸಿರು ಭಾಗಕ್ಕೆ ಸರಿಸಿ, 'ಸೇತುವೆ ಬರುವ ಮುಂಚೆ' ಅನ್ನುವ ತಲೆಬರಹದ ಕೆಳಗೆ.